ಕಂಪ್ಯೂಟರ್ ಸುಟ್ಟಿತು, ಆಂಟಿವೈರಸ್ ಯಾರದ್ದಾಯಿತು?

ನಾನು ಸುದ್ದಿ ಕಳಿಸುವುದು ನಮ್ಮ ಹೋಬಳಿಯ ಬಸ್ ಸ್ಟ್ಯಾಂಡ್ ಪಕ್ಕದ ಝೆರಾಕ್ಸ್ ಅಂಗಡಿಯಿಂದ. ಬರೆಯುವುದು ಮೊಬೈಲ್‌ನಲ್ಲೇ ಆದರೂ ದಾಖಲೆ ಸ್ಕ್ಯಾನ್ ಮಾಡಲು ಅಲ್ಲಿಗೇ ಹೋಗಬೇಕು. ಕಳೆದ ಮುಂಗಾರಿನ ಮೊದಲ ಮಳೆಗೆ ಸಿಡಿಲು ಬಡಿದು ಆ ಅಂಗಡಿಯ ಕಂಪ್ಯೂಟರ್ ಸುಟ್ಟುಹೋಯಿತು. ಹುಡುಗ ಸಾಲ ಮಾಡಿ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದ. ಮೂರು ವರ್ಷಕ್ಕೆಂದು ದುಡ್ಡು ಕೊಟ್ಟಿದ್ದ ಆಂಟಿವೈರಸ್‌ನಲ್ಲಿ ಇನ್ನೂ 14 ತಿಂಗಳು ಬಾಕಿ ಇತ್ತು. ಬಿಲ್ ಮೇಲೆ ಬರೆದಿದ್ದ ಕೀ ನೋಡಿಕೊಂಡು ಟೈಪ್ ಮಾಡಿದ. ಈ ಕೀ ಬೇರೆ ಕಂಪ್ಯೂಟರ್‌ನಲ್ಲಿ ಬಳಕೆಯಲ್ಲಿದೆ ಅಂತ ಪರದೆ ಮೇಲೆ ಬಂತು.

"ಅದು ಸುಟ್ಟು ಕರಕಲಾಗಿ ಮೂಲೇಲಿ ಬಿದ್ದಿದೆ ಕಣಣ್ಣ. ಬಳಕೇಲಿರೋದು ಹೆಂಗೆ?" ಅಂದ.

ಯಾವ ಕಂಪನಿಯದು ಅನ್ನುವುದು ಇಲ್ಲಿ ಮುಖ್ಯವಲ್ಲ. ಅವನ ಪ್ರಶ್ನೆಗೆ ಮಾತ್ರ ಐವತ್ತು ವರ್ಷಕ್ಕೂ ಹಳೆಯ ಕಥೆಯಿದೆ.

ಸಂತೆಯಲ್ಲಿ ಕುಡುಗೋಲು ಕೊಂಡರೆ ಅದು ನಮ್ಮದು. ಯಾವ ಹೊಲದಲ್ಲಿ ಬಳಸುತ್ತೀರಿ ಎಂದು ಕಮ್ಮಾರ ಕೇಳುವುದಿಲ್ಲ. ಸಾಫ್ಟ್‌ವೇರ್ ಹಾಗಲ್ಲ. ಒಂದು ಕಾಲಕ್ಕೆ ಅದಕ್ಕೆ ಬೇರೆ ಬೆಲೆಯೇ ಇರಲಿಲ್ಲ, ದೊಡ್ಡ ಯಂತ್ರ ಕೊಂಡವರಿಗೆ ಜೊತೆಯಲ್ಲೇ ಬರುತ್ತಿತ್ತು. ಅಮೆರಿಕದ ಐಬಿಎಂ ಕಂಪನಿ 1969ರ ಜೂನ್‌ನಲ್ಲಿ, ಇನ್ನು ಮುಂದೆ ಯಂತ್ರಕ್ಕೇ ಬೇರೆ ಬೆಲೆ, ಹಲವು ಸಾಫ್ಟ್‌ವೇರ್‌ಗಳಿಗೇ ಬೇರೆ ಬೆಲೆ ಎಂದು ಘೋಷಿಸಿತು. ಅಲ್ಲಿಂದ ಸಾಫ್ಟ್‌ವೇರ್ ವ್ಯಾಪಾರ ಬೆಳೆಯುತ್ತಾ ಹೋಯಿತು. ಆದರೆ ಕಂಪನಿಗಳು ಗಿರಾಕಿಗೆ ಕೊಟ್ಟಿದ್ದು ಸಾಮಾನಲ್ಲ, ಬಳಸಲು ಅನುಮತಿ. ಅದೇ ಲೈಸೆನ್ಸ್.

ಕಾಗದದ ಮೇಲಿನ ಅನುಮತಿಯನ್ನು ಯಾರು ಕಾಯುತ್ತಾರೆ? ಫ್ಲಾಪಿ ಬಂದ ಮೇಲೆ ಒಬ್ಬ ಕೊಂಡರೆ ಹತ್ತು ಜನ ನಕಲು ಮಾಡಿಕೊಂಡರು. ಕಥೆ ತಿರುವು ತೆಗೆದುಕೊಳ್ಳುವುದು ಲಾಹೋರಿನಲ್ಲಿ. 1986ರಲ್ಲಿ ಅಲ್ಲಿ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಅಣ್ಣತಮ್ಮಂದಿರು 'ಬ್ರೇನ್' ಎಂಬ ಪ್ರೋಗ್ರಾಂ ಬರೆದರು. ಫ್ಲಾಪಿಯಿಂದ ಫ್ಲಾಪಿಗೆ ಹಬ್ಬಿದ ಅದನ್ನೇ ಐಬಿಎಂ ಪಿಸಿಗೆ ಬಂದ ಮೊದಲ ವೈರಸ್ ಎನ್ನುತ್ತಾರೆ. ತಾವು ತಯಾರಿಸಿದ ವೈದ್ಯಕೀಯ ಸಾಫ್ಟ್‌ವೇರನ್ನು ಕದ್ದು ನಕಲು ಮಾಡುವವರನ್ನು ಪತ್ತೆ ಹಚ್ಚಲು ಅದನ್ನು ಬರೆದೆವು ಎಂದು ಅವರೇ ಹೇಳಿದ್ದಾರೆ. ವೈರಸ್ ಒಳಗೆ ತಮ್ಮ ಹೆಸರು, ಅಂಗಡಿ ವಿಳಾಸ, ಫೋನ್ ನಂಬರ್ ಕೂಡ ಹಾಕಿದ್ದರು! ಈ ಕಾಲದ ಕಳ್ಳರಿಗೆ ಹೋಲಿಸಿದರೆ ಎಂಥ ಸಂಭಾವಿತರು ನೋಡಿ. ಅಂದರೆ ಇವತ್ತು ಆಂಟಿವೈರಸ್ ಲೈಸೆನ್ಸ್‌ಗಾಗಿ ನಾವು ಒದ್ದಾಡುತ್ತೇವಲ್ಲ, ಪಿಸಿಯ ಆ ಮೊದಲ ವೈರಸ್ ಹುಟ್ಟಿದ್ದೇ ಲೈಸೆನ್ಸ್ ಜಗಳದಲ್ಲಿ.

ನಕಲು ತಡೆಯಲು ಇನ್ನೊಂದು ದಾರಿಯೂ ಇತ್ತು. ಡಿಟಿಪಿ ಅಂಗಡಿಗಳನ್ನು ನೋಡಿದವರಿಗೆ ಗೊತ್ತು. ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಕಂಪನಿಯ ಶ್ರೀಲಿಪಿ ಸಾಫ್ಟ್‌ವೇರ್ ಜೊತೆ ಬೆರಳುದ್ದದ ಒಂದು 'ಲಾಕ್' ಬರುತ್ತಿತ್ತು. ಅದನ್ನು ಕಂಪ್ಯೂಟರ್ ಹಿಂದೆ, ಪ್ರಿಂಟರ್ ವೈರ್ ಹಾಕುವ ಜಾಗಕ್ಕೆ ಸಿಕ್ಕಿಸಬೇಕು. ನಮ್ಮೂರ ಕಡೆ ಎಷ್ಟೋ ಮದುವೆ ಪತ್ರಿಕೆಗಳ ಅಕ್ಷರ ಜೋಡಣೆಯಾಗಿದ್ದು ಆ ಲಾಕ್ ನಂಬಿಕೊಂಡೇ. ಲಾಕ್ ಕಳೆದರೆ ಕಷ್ಟ, ನಿಜ. ಆದರೆ ಕಂಪ್ಯೂಟರ್ ಬದಲಿಸಿದರೆ ಸಾಫ್ಟ್‌ವೇರ್ ಹಾಕಿಕೊಂಡು, ಹಳೆಯದರಿಂದ ಲಾಕ್ ಕಿತ್ತು ಹೊಸದಕ್ಕೆ ಚುಚ್ಚಿದರೆ ಮುಗಿಯಿತು. ಯಾರನ್ನೂ ಕೇಳಬೇಕಾಗಿರಲಿಲ್ಲ. ಅನುಮತಿ ನಮ್ಮ ಅಂಗೈಯಲ್ಲೇ ಇತ್ತು.

ಆಂಟಿವೈರಸ್‌ನ ಜಾಯಮಾನ ಬೇರೆ. ದಿನಾ ಹೊಸ ವೈರಸ್ ಬರುತ್ತದೆ, ಆದ್ದರಿಂದ ದಿನಾ ಅಪ್‌ಡೇಟ್ ಬೇಕು. ಇದು ಒಂದು ಸಲ ಕೊಂಡ ಕುಡುಗೋಲಲ್ಲ, ವರ್ತನೆ ಹಾಲಿದ್ದ ಹಾಗೆ. ವರ್ಷದ ಲೆಕ್ಕದಲ್ಲಿ ದುಡ್ಡು ಕೊಡುವ ಪದ್ಧತಿ ಹೀಗೆ ಗಟ್ಟಿಯಾಯಿತು. ನಮ್ಮ ದೇಶದಲ್ಲಿ ಈ ವ್ಯಾಪಾರ ಬೆಳೆಸಿದವರಲ್ಲಿ ಪುಣೆಯ ಕೈಲಾಶ್ ಕಾಟ್ಕರ್ ಪ್ರಮುಖರು. ಕ್ಯಾಲ್ಕ್ಯುಲೇಟರ್ ರಿಪೇರಿ ಕೆಲಸದಿಂದ ಶುರು ಮಾಡಿದವರು. ರಿಪೇರಿಗೆ ಬರುವ ಕಂಪ್ಯೂಟರ್‌ಗಳಲ್ಲಿ ವೈರಸ್ ಕಾಟ ಕಂಡಾಗ, ಕಂಪ್ಯೂಟರ್ ಓದುತ್ತಿದ್ದ ತಮ್ಮ ಸಂಜಯ್ ಅದನ್ನು ತೆಗೆಯುವ ಪ್ರೋಗ್ರಾಂ ಬರೆದುಕೊಟ್ಟರು. ಅದೇ 1990ರ ದಶಕದ ಮಧ್ಯದಲ್ಲಿ ಕ್ವಿಕ್ ಹೀಲ್ ಆಯಿತು. ಲಾಹೋರಿನಲ್ಲಿ ಅಣ್ಣತಮ್ಮ ಸೇರಿ ವೈರಸ್, ಪುಣೆಯಲ್ಲಿ ಅಣ್ಣತಮ್ಮ ಸೇರಿ ಆಂಟಿವೈರಸ್!

ಸಿ.ಡಿ. ಡಬ್ಬಿ, ಒಳಗೆ ಉದ್ದನೆಯ ಕೀ. ಇದು ತಾಲ್ಲೂಕು ಕೇಂದ್ರದ ಅಂಗಡಿಗಳಿಗೂ ಬಂತು. ಇಂಟರ್‌ನೆಟ್ ಹರಡಿದ ಮೇಲೆ ಕೀ ಹೊಡೆದ ತಕ್ಷಣ ಕಂಪ್ಯೂಟರ್‌ನ ಗುರುತು ಕಂಪನಿಯ ಸರ್ವರ್‌ಗೆ ಹೋಗಿ, ಈ ಕೀ ಈ ಕಂಪ್ಯೂಟರ್‌ಗೆ ಎಂದು ಅಲ್ಲಿ ದಾಖಲಾಗತೊಡಗಿತು. ಮೈಕ್ರೋಸಾಫ್ಟ್ 2001ರಲ್ಲಿ ವಿಂಡೋಸ್ ಎಕ್ಸ್‌ಪಿಗೂ ಇಂಥದ್ದೇ ಕ್ರಮ ತಂದಿತು. ಜಮೀನಿಗೆ ಪಹಣಿ ಇದ್ದ ಹಾಗೆ ಅಂದುಕೊಳ್ಳಿ. ನಿಮ್ಮ ಕೈಯಲ್ಲಿರುವುದು ಬರೀ ಚೀಟಿ, ಅಸಲು ಹೆಸರು ಇರುವುದು ಅವರ ರಿಜಿಸ್ಟರ್‌ನಲ್ಲಿ. ನಮ್ಮ ಹುಡುಗನ ಕಂಪ್ಯೂಟರ್ ಸತ್ತಿದ್ದು ಆ ರಿಜಿಸ್ಟರ್‌ಗೆ ಗೊತ್ತೇ ಆಗಿರಲಿಲ್ಲ.

ಹಾಗಾದರೆ ಡಬ್ಬಿ ಕೊಂಡವನು ಕೊಂಡಿದ್ದೇನು, ಸಾಮಾನೋ ಸೇವೆಯೋ? ಈ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. ಸಿ.ಡಿ.ಯಲ್ಲಿ ಮಾರಿದ ಆಂಟಿವೈರಸ್ ಒಂದು ಸೇವೆ, ಸೇವಾ ತೆರಿಗೆ ಕಟ್ಟಿ ಎಂದು ಇಲಾಖೆ ಕ್ವಿಕ್ ಹೀಲ್ ಕಂಪನಿಯನ್ನು ಕೇಳಿತ್ತು. ಅಪ್‌ಡೇಟ್ ಕೊಡುತ್ತಾರೆಂದು ಅದನ್ನೇ ಬೇರೆ ಮಾಡಿ ಸೇವೆ ಎನ್ನಲಾಗದು, ಇದು ಸರಕಿನ ಮಾರಾಟ ಎಂದು 2022ರ ಆಗಸ್ಟ್‌ನಲ್ಲಿ ಕೋರ್ಟ್ ಹೇಳಿತು. ಅದು ತೆರಿಗೆಯ ತಗಾದೆ, ಗಿರಾಕಿ ಹಕ್ಕಿನ ಪ್ರಶ್ನೆ ಅಲ್ಲಿರಲಿಲ್ಲ. ಆದರೂ ನನಗೆ ಅದನ್ನು ಓದಿ ಒಂದಿಷ್ಟು ಖುಷಿಯಾಯಿತು.

ಅಮೆರಿಕದಲ್ಲಿ ಇದರ ಉಲ್ಟಾ ನಡೆದಿದೆ. ರಷ್ಯಾದ ಕ್ಯಾಸ್ಪರ್‌ಸ್ಕಿ ಆಂಟಿವೈರಸ್ ಮಾರಾಟವನ್ನು ಅಲ್ಲಿನ ಸರ್ಕಾರ 2024ರಲ್ಲಿ ನಿಷೇಧಿಸಿತು. ಆ ಸೆಪ್ಟೆಂಬರ್‌ನಲ್ಲಿ ಎಷ್ಟೋ ಜನ ಬೆಳಿಗ್ಗೆ ಎದ್ದು ನೋಡಿದರೆ ಕ್ಯಾಸ್ಪರ್‌ಸ್ಕಿ ಮಾಯ, ಆ ಜಾಗದಲ್ಲಿ ಅಲ್ಟ್ರಾಎವಿ ಎಂಬ ಬೇರೆಯದು ತಾನೇ ಬಂದು ಕೂತಿತ್ತು. ಇಲ್ಲಿ ನಮ್ಮ ಹುಡುಗ ಬೇಡಿಕೊಂಡರೂ ಲೈಸೆನ್ಸ್ ಜಾಗ ಬದಲಿಸಲಿಲ್ಲ. ಅಲ್ಲಿ ಕೇಳದೆಯೇ ಬದಲಾಯಿತು.

ಹುಡುಗ ಸಹಾಯವಾಣಿಗೆ ಫೋನ್ ಮಾಡಿದ. ನೋಂದಾಯಿತ ಮೊಬೈಲ್‌ಗೆ ಓಟಿಪಿ ಕಳಿಸುತ್ತೇವೆ ಅಂದರು. ಓಟಿಪಿ ಬರಲೇ ಇಲ್ಲ. ಎರಡು ವರ್ಷದ ಹಿಂದೆ ಹಾಕಿಕೊಟ್ಟವನು ತನ್ನದೇ ನಂಬರ್ ಕೊಟ್ಟಿದ್ದ, ಅವನು ಈಗ ಅಂಗಡಿ ಮುಚ್ಚಿ ಬೆಂಗಳೂರು ಸೇರಿದ್ದಾನೆ. ಕೊನೆಗೆ ಕೆಲಸಕ್ಕೆ ಬಂದಿದ್ದು ಬಿಲ್. ಅದರ ಫೋಟೊ ತೆಗೆದು ಮೂರು ಸಲ ಮೇಲ್ ಮಾಡಿದ ಮೇಲೆ, ಹನ್ನೊಂದನೇ ದಿನಕ್ಕೆ ಹಳೇ ಕಂಪ್ಯೂಟರ್‌ನ ಹೆಸರು ತೆಗೆದರು.

ನಿಮ್ಮ ಹಳೇ ಕಂಪ್ಯೂಟರ್ ಇನ್ನೂ ಓಡುತ್ತಿದ್ದರೆ ಇಷ್ಟು ಪಾಡಿಲ್ಲ. ಇಂಟರ್‌ನೆಟ್ ಹಾಕಿಕೊಂಡೇ ಅದರಲ್ಲಿನ ಲೈಸೆನ್ಸ್ ಕೈಬಿಡಿ. ಕೆಲವದರಲ್ಲಿ ಆಂಟಿವೈರಸ್ ತೆಗೆದುಹಾಕಿದರೆ ಸಾಕು, ಕೆಲವದರಲ್ಲಿ ಕಂಪನಿ ಖಾತೆಯೊಳಗೆ ಹೋಗಿ ಹಳೇ ಕಂಪ್ಯೂಟರ್ ಹೆಸರು ಅಳಿಸಬೇಕು. ಆಮೇಲೆ ಹೊಸದಕ್ಕೆ ಅದೇ ಕೀ ಹಾಕಿ. ಉಳಿದ ದಿನಗಳಷ್ಟೇ ಬರುತ್ತವೆ, ಹೊಸದಾಗಿ ಎಣಿಕೆ ಶುರುವಾಗುವುದಿಲ್ಲ. ಕೊಳ್ಳುವಾಗಲೇ ನಿಮ್ಮ ಸ್ವಂತ ಮೊಬೈಲ್ ನಂಬರ್ ಬರೆಸಿ. 2012ರ ವಿಂಡೋಸ್ 8ರಿಂದ ಈಚೆಗೆ ವಿಂಡೋಸ್ ಒಳಗೇ ಡಿಫೆಂಡರ್ ಎಂಬ ಆಂಟಿವೈರಸ್ ಇರುತ್ತದೆ, ಅದಕ್ಕೆ ಕೀ ಇಲ್ಲ. ಹುಡುಗನ ಅಂಗಡಿ ಹನ್ನೊಂದು ದಿನ ನಡೆದದ್ದು ಅದರ ಮೇಲೇ. "ಹಂಗಾದ್ರೆ ನಾನ್ಯಾಕಣ್ಣ ದುಡ್ಡು ಕೊಟ್ಟೆ?" ಅಂತ ಕೇಳಿದ. 14 ತಿಂಗಳು ಮುಗಿಯಲಿ, ಆಮೇಲೆ ನೋಡೋಣ ಅಂದಿದ್ದೇನೆ.