ಡಾಬು ಕರಗಿದ ಲೆಕ್ಕ

ಹೋದ ವಾರ ರಾತ್ರಿ ಫೋನ್ ತಿಕ್ಕೋತ ಕೂತಿದ್ದಾಗ ಒಂದು ವಿಡಿಯೋ ಬಂತು. ಅಮೆರಿಕದ ನ್ಯೂ ಮೆಕ್ಸಿಕೋದ ಜೂನಿ ಜನ, ಬೆಳ್ಳಿಯೊಳಗ ಪಿರೋಜಾ ಹರಳು ಕೂಡಿಸಿ ಆಭರಣ ಮಾಡೋರು. 19ನೇ ಶತಮಾನದಾಗ ಅವರಿಗೆ ಬೆಳ್ಳಿ ಸಿಗ್ತಿದ್ದದ್ದು ಡಾಲರ್, ಪೆಸೋ ನಾಣ್ಯ ಕರಗಿಸಿ! ನನಗ ನಮ್ಮ ಬಬಲೇಶ್ವರದ ಅಜ್ಜಿ ನೆನಪಾದಳು.

ಯಾಕಂದ್ರ ನಮ್ಮ ಕಡೆನೂ ಅದೇ ಕತಿ. ಬ್ರಿಟಿಷರ ರೂಪಾಯಿ 11.66 ಗ್ರಾಂ, ಅಂದ್ರೆ ಸರಿಯಾಗಿ ಒಂದು ತೊಲಿ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಪತ್ತಾರರ ಮನಿಗೆ ರೂಪಾಯಿ ಒಯ್ದು ಕೊಟ್ರೆ, ಮೂಸೆಯೊಳಗ ಬಿಳಿಗಾರ ಹಾಕಿ ಕರಗಿಸಿ, ಬಡಿದು, ಡಾಬೋ ಕಡಗನೋ ಮಾಡಿ ಕೊಡೋರು. ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು ಕರಗಿಸದೇ ನಾಣ್ಯವನ್ನೇ ಕುಪ್ಪಸಕ್ಕೆ ಹೊಲೀತಿದ್ರು. ಬ್ಯಾಂಕ್ ಇಲ್ಲದ ಊರಾಗ ಉಳಿತಾಯ ಖಾತೆ ಅದೇ.

ಬಿ.ಕಾಂ ಓದಿದ ನನಗ ನಿದ್ದಿಗೆಡಿಸಿದ್ದು ಮುಂದಿನ ಮಾತು. 1876-78ರ ಬರ. ಆಗ ಈ ಜಿಲ್ಲೆಗೆ ಕಲಾದಗಿ ಅಂತ ಹೆಸರು. 1872ರಲ್ಲಿ 8 ಲಕ್ಷ ದಾಟಿದ್ದ ಜನಸಂಖ್ಯೆ 1881ಕ್ಕೆ ಸುಮಾರು 6.4 ಲಕ್ಷಕ್ಕೆ ಇಳೀತು. ಬರದ ಸೀಮೆಗಳಿಂದ ಆಭರಣ ಸರಾಫರ ಕೈ ದಾಟಿ ಮುಂಬೈ ಟಂಕಸಾಲೆಗೆ ಹೋದವು. ಆಗ ಯಾರೇ ಬೆಳ್ಳಿ ಒಯ್ದರೂ ಸ್ವಲ್ಪ ಶುಲ್ಕ ಹಿಡಿದು ರೂಪಾಯಿ ಟಂಕಿಸಿ ಕೊಡ್ತಿದ್ರು. ಸರಾಫ ತನ್ನ ಪಾಲು ಕತ್ತರಿಸಿದರೂ, ಬೆಳ್ಳಿಗೆ ಒಂದು ನೆಲೆ ಬೆಲೆ ಇತ್ತು.

1893ರ ಜೂನ್‌ನಲ್ಲಿ ಸರ್ಕಾರ ಆ ಬಾಗಿಲು ಹಾಕಿತು. ಜಗತ್ತಿನ ಮಾರುಕಟ್ಟೆಯಲ್ಲಿ ಬೆಳ್ಳಿ ಬೀಳ್ತಿತ್ತು, ಜೊತೆಗೆ ರೂಪಾಯಿ ಬೀಳಬಾರದು ಅಂತ. ರೂಪಾಯಿ ಉಳೀತು. ಪೆಟ್ಟಿಗಿಯೊಳಗಿನ ಡಾಬಿನ ಗತಿ? ಮೂರೇ ವರ್ಷಕ್ಕೆ 1896-97ರ ಬರ ಬಂತು. ಲಂಡನ್ ದರ ಹಿಡಿದು ನಾನೇ ಲೆಕ್ಕ ಹಾಕಿದೆ: ಒಂದು ರೂಪಾಯಿಯೊಳಗಿನ ಬೆಳ್ಳಿಗೆ ಹತ್ತು-ಹನ್ನೊಂದಾಣೆ ಅಷ್ಟೇ. ಹದಿನಾರಾಣೆ ಕರಗಿಸಿ ಮಾಡಿಸಿದ್ದು! ಕಳ್ಳ ಬರಲಿಲ್ಲ, ಪೆಟ್ಟಿಗಿ ಕೀಲಿ ಮುರೀಲಿಲ್ಲ. ಹೊಲದಾಗ ಕಸ ತೆಗೆಯೋ ಹೆಣ್ಣುಮಗಳಿಗೆ ಈ ಕಾಯ್ದೆ ಯಾರು ಓದಿ ಹೇಳಿದ್ರು?

ಮುಂದೆ 1940ರಲ್ಲಿ ರೂಪಾಯಿಯ ಬೆಳ್ಳಿಯನ್ನೇ ಅರ್ಧಕ್ಕೆ ಇಳಿಸಿದರು, ಯುದ್ಧದ ಕಾಲ. ಸ್ವಾತಂತ್ರ್ಯದ ಹೊತ್ತಿಗೆ ನಿಕ್ಕಲ್ ನಾಣ್ಯ. ಕರಗಿಸೋಕೆ ಏನೂ ಉಳೀಲಿಲ್ಲ.

ನಮ್ಮಜ್ಜಿಯ ಡಾಬು ಹೋಗಿದ್ದು 1972ರ ಬರದಾಗ. ವಿಜಯಪುರದ ಒಂದು ಅಂಗಡಿ. ಒರೆಗಲ್ಲಿಗೆ ತಿಕ್ಕಿದ, ಬೆಸುಗೆ ಅಂತ ಇಷ್ಟು ಕಳೆದ, ತೂಗಿದ. ಪತ್ತಾರರ ತಿಂಗಳ ದುಡಿಮೆಗೆ ಒಂದು ಪೈಸೆ ಹಿಡೀಲಿಲ್ಲ. ಬಂದ ರೊಕ್ಕದಾಗ ಜೋಳ ತಂದ್ರಂತ. ಅಪ್ಪ ಆಗ ಆರು ವರ್ಷದವ.

ಡಾಬಿನ ಫೋಟೋ ಒಂದೂ ಇಲ್ಲ. ಮೊನ್ನೆ ತಿಕೋಟಾದ ಹಿರಿಯ ಪತ್ತಾರರೊಬ್ಬರಿಗೆ, ಅಜ್ಜಿ ಹೇಳ್ತಿದ್ದ ಹಾಗೆ ಅಗಲ, ಬಳ್ಳಿ ನಕ್ಷೆ ಎಲ್ಲಾ ವರ್ಣಿಸಿದೆ. ಅವರು ಕಣ್ಣು ಸಣ್ಣ ಮಾಡಿ, ‘ಕೊಂಡಿ ಹತ್ರ ನವಿಲು ಇತ್ತೇನು ತಮ್ಮಾ?’ ಅಂದ್ರು.

ನನಗ ಗೊತ್ತಿರಲಿಲ್ಲ. ಫೋನ್ ಹಚ್ಚಿ ಅಪ್ಪನ್ನ ಕೇಳಿದೆ. ಅವನಿಗೂ ನೆನಪಿಲ್ಲ. ಜೋಳದ ಚೀಲ ನೆನಪೈತಿ ಅಂದ.