ಆಣೆ, ಹೊಯ್ಲು, ರಾಜಿ

ನಮ್ಮ ಮಳವಳ್ಳಿ ಕಡೆ ಬೆಲ್ಲದ ವ್ಯಾಪಾರ ಬಹುಕಾಲ ಬಾಯಿಮಾತಿನ ಮೇಲೆಯೇ ನಡೆದದ್ದು. ಮಂಡಿಯವನು ಆಲೆಮನೆಯವನಿಗೆ ಮುಂಗಡ ಕೊಡುವುದು, ಬೆಲ್ಲ ಬಂದಮೇಲೆ ಮುರಿದುಕೊಳ್ಳುವುದು. ಪತ್ರವಿಲ್ಲದ ಲೆಕ್ಕಕ್ಕೆ ಜಗಳ ಬಂದರೆ ಕೋರ್ಟಿಗೆ ಏನು ತೋರಿಸುವುದು? ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಬೇರೆ. ಹಾಗಾಗಿ ಊರ ಯಜಮಾನರ ಪಂಚಾಯಿತಿ. ಅಲ್ಲೂ ಬಗೆಹರಿಯದಿದ್ದರೆ "ಧರ್ಮಸ್ಥಳಕ್ಕೆ ಬಾ, ಆಣೆ ಮಾಡು" ಎಂಬ ಸವಾಲು. ಎಷ್ಟೋ ಬಾಕಿ ಈ ಮಾತಿಗೇ, ಬಸ್ಸು ಹತ್ತುವ ಮೊದಲೇ, ತೀರಿದ್ದುಂಟು.

ಹತ್ತಿದವರಿಗೆ ಅಲ್ಲಿ ಹೊಯ್ಲು. ದೇವರು ಶಿವ, ಪೂಜೆ ವೈಷ್ಣವರದು, ಆಡಳಿತ ಜೈನ ಮನೆತನದ ಹೆಗ್ಗಡೆಯವರದು. 1968ರಲ್ಲಿ ಪಟ್ಟಕ್ಕೆ ಬಂದ ವೀರೇಂದ್ರ ಹೆಗ್ಗಡೆಯವರೂ ಹಿರಿಯರ ಈ ಪದ್ಧತಿಯನ್ನು ಮುಂದುವರಿಸಿದರು. ದೂರು ಬಂದರೆ ಎದುರು ಪಕ್ಷದವರನ್ನೂ ಕರೆಸಿ, ಇಬ್ಬರ ಮಾತನ್ನೂ ಕೇಳಿ ತೀರ್ಮಾನ. ಜಾರಿಮಾಡಲು ಅಮೀನನಿಲ್ಲ; ಮಂಜುನಾಥನ ಭಯವೊಂದೇ.

ಈ ಹೊಗಳಿಕೆಯಲ್ಲಿ ಒಂದು ಮಾತು ಬಿಟ್ಟುಹೋಗುತ್ತದೆ. ಆಲೆಮನೆಯ ಬಂಡವಾಳ ಎಷ್ಟೋ ಸಲ ಹೆಂಡತಿಯ ಸರ, ಬಳೆ ಅಡವಿಟ್ಟು ತಂದದ್ದು. ಅರಳಿಕಟ್ಟೆಯ ಮೇಲೆ ಗಂಡಸರು "ಹೋಗಲಿ ಬಿಡು" ಎಂದು ಅರ್ಧಕ್ಕೆ ರಾಜಿಯಾಗಿ ಎಲೆಅಡಿಕೆ ಹಾಕಿಕೊಂಡರೆ, ಬಿಟ್ಟುಕೊಟ್ಟದ್ದು ಯಾರ ಒಡವೆ? ಅವಳನ್ನು ಕೇಳಿದವರಿಲ್ಲ.

ಅದಕ್ಕೇ ನನಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ದೊಡ್ಡದೆನಿಸುತ್ತದೆ. 1995ರಲ್ಲಿ ಜಾರಿಗೆ ಬಂದ ಅದು ಲೋಕ ಅದಾಲತ್ತಿನ ರಾಜಿಗೆ ಡಿಕ್ರಿಯ ಬಲ ಕೊಟ್ಟಿತು. ಒಪ್ಪಿದರೆ ಮೇಲ್ಮನವಿಯಿಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸು. ಒಪ್ಪದಿದ್ದರೆ ಮೊಕದ್ದಮೆ ಮತ್ತೆ ಕೋರ್ಟಿಗೆ. ಹೆಣ್ಣುಮಕ್ಕಳಿಗೆ ಅದೇ ಕಾಯ್ದೆಯಲ್ಲಿ ವಕೀಲರ ನೆರವು ಉಚಿತ. ವ್ಯವಹಾರ ಅವಳ ಹೆಸರಿನಲ್ಲಿದ್ದು ಅವಳೇ ಕಕ್ಷಿದಾರಳಾದರೆ, ಅವಳು ಒಪ್ಪದೆ ರಾಜಿಯೇ ಇಲ್ಲ.