ಇಸಿಲ: ಅರಮನೆ ಉಳಿಯದ ಊರಿನಲ್ಲಿ ಒಂದು ದಿನ

ಈಚೆಗೆ ಫ್ರಾನ್ಸ್ ಪ್ರವಾಸ ಮುಗಿಸಿ ಬಂದ ಮಿತ್ರರೊಬ್ಬರು ನಮ್ಮ ವಿದ್ಯಾರ್ಥಿಗಳಿಗೆ ಅಲ್ಲಿನ ರಾಜಗೃಹಗಳ ಚಿತ್ರಗಳನ್ನು ತೋರಿಸಿದರು. ಹದಿನಾಲ್ಕನೆಯ ಲೂಯಿ 1682ರಲ್ಲಿ ತನ್ನ ಆಸ್ಥಾನವನ್ನೇ ಸಾಗಿಸಿಕೊಂಡು ಹೋದ ವರ್ಸೇಲ್ಸ್ ಅರಮನೆ, ಅದರ ಕನ್ನಡಿಗಳ ಮೊಗಸಾಲೆ, ಅಳತೆಯಿಟ್ಟು ಬೆಳೆಸಿದ ಉದ್ಯಾನಗಳು. ಮಕ್ಕಳು ಬೆರಗಾಗಿ ನೋಡಿದರು. ಕೊನೆಯಲ್ಲಿ ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು: "ಸರ್, ನಮ್ಮ ಕಡೆ ರಾಜರ ಜಾಗ ಅಂತ ಯಾವುದೂ ಇಲ್ವಾ?" "ನಮ್ಮದು ಬರದ ಸೀಮೆ ತಾಯಿ, ಅರಮನೆ ನೋಡಬೇಕಾದರೆ ಮೈಸೂರಿಗೆ ಹೋಗಬೇಕು" ಎಂದು ನಕ್ಕುಬಿಟ್ಟೆ.

ಆ ಉತ್ತರ ರಾತ್ರಿಯೆಲ್ಲ ನನ್ನನ್ನು ಕೊರೆಯಿತು. ಕಟ್ಟಡದ ಮಟ್ಟಿಗೆ ಅದು ನಿಜ. ಚರಿತ್ರೆಯ ಮಟ್ಟಿಗೆ ಶುದ್ಧ ಸುಳ್ಳು. ಮುಂದಿನ ಭಾನುವಾರ ಹತ್ತು ವಿದ್ಯಾರ್ಥಿಗಳೊಡನೆ ಚಳ್ಳಕೆರೆಯಿಂದ ಬಳ್ಳಾರಿ ರಸ್ತೆ ಹಿಡಿದೆ. ದಾರಿಯಲ್ಲಿ ತಳುಕು. ಕುವೆಂಪು ತಮ್ಮ ಮಹಾಕಾವ್ಯವನ್ನು ಅರ್ಪಿಸಿದ ಗುರು ವೆಂಕಣ್ಣಯ್ಯನವರ ಹೆಸರಿನೊಂದಿಗೆ, ಕಾದಂಬರಿಕಾರ ತ.ರಾ.ಸು. ಅವರ ಹೆಸರಿನೊಂದಿಗೆ ಬೆಸೆದ ಊರು. ಅಲ್ಲಿಂದ ಮುಂದೆ, ಶೇಂಗಾ ಹೊಲಗಳನ್ನು ದಾಟಿ, ಕರಿಯ ಗುಂಡುಗಳ ಬೆಟ್ಟಸಾಲಿನತ್ತ ತಿರುಗಿದೆವು. ಜನ ಅಶೋಕ ಸಿದ್ದಾಪುರವೆಂದು ಕರೆಯುವ ಊರಿನ ನೆರೆಯಲ್ಲಿದೆ ಬ್ರಹ್ಮಗಿರಿ.

1892ರಲ್ಲಿ ಬಿ.ಎಲ್. ರೈಸ್ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ನೆರೆಯ ನೆಲೆಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಅದಕ್ಕೂ ಮೊದಲೇ ಬ್ರಹ್ಮಗಿರಿಯ ಬಂಡೆಗೆ ಜನರಿಟ್ಟ ಹೆಸರು 'ಅಕ್ಷರಗುಂಡು'. ಓದಲು ಬಾರದಿದ್ದರೂ ಅದು ಅಕ್ಷರವೆಂದು ಊರು ಬಲ್ಲದಾಗಿತ್ತು.

ಶಾಸನದ ಆರಂಭ ಒಂದು ಸರ್ಕಾರಿ ಪತ್ರದಂತಿದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ, ಎಂದರೆ ರಾಜಕುಮಾರನೂ, ಅವನ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಬರೆದದ್ದು. ಮೊದಲು ಅವರ ಆರೋಗ್ಯ ವಿಚಾರಿಸಿ, ಆಮೇಲೆ ದೇವಾನಾಂಪ್ರಿಯನ ಆಜ್ಞೆಯನ್ನು ತಿಳಿಸಲಾಗಿದೆ. ಸುವರ್ಣಗಿರಿ ಇಂದಿನ ಕನಕಗಿರಿಯೆಂದು ಕೆಲವರು, ಆಂಧ್ರದ ಜೊನ್ನಗಿರಿಯೆಂದು ಮತ್ತೆ ಕೆಲವರು ವಾದಿಸುತ್ತಾರೆ. ಇಸಿಲವನ್ನು ಮಾತ್ರ ವಿದ್ವಾಂಸರು ಈ ಬ್ರಹ್ಮಗಿರಿಯ ಬುಡದಲ್ಲೇ ಗುರುತಿಸಿದ್ದಾರೆ. ಮೌರ್ಯರಿಗೂ ಕನ್ನಡ ನೆಲಕ್ಕೂ ನಂಟು ಹೊಸತಲ್ಲ. ಅಶೋಕನ ತಾತ ಚಂದ್ರಗುಪ್ತನು ರಾಜ್ಯ ತೊರೆದು ಭದ್ರಬಾಹುವಿನೊಡನೆ ಕಳ್ಬಪ್ಪುವಿಗೆ ಬಂದನೆಂದು ಜೈನ ಪರಂಪರೆ ನೆನೆಯುತ್ತದೆ.

ಹಾಗಾದರೆ ಆ ಮಹಾಮಾತ್ರರ ಭವನಗಳೆಲ್ಲಿ? 1945ರಲ್ಲಿ ಫ್ರೆಂಚರ ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ರೋಮನ್ ವ್ಯಾಪಾರದ ಕುರುಹುಗಳನ್ನು ಅಗೆದು ತೆಗೆದಿದ್ದ ಮಾರ್ಟಿಮರ್ ವೀಲರ್, ಅಲ್ಲಿ ದೊರೆತ ಕಾಲಸೂಚಿಯನ್ನು ಹಿಡಿದು 1947ರಲ್ಲಿ ಇಲ್ಲಿಗೆ ಬಂದರು. ಅವರಿಗೆ ಸಿಕ್ಕಿದ್ದು ಕಲ್ಲುಕೊಡಲಿಯ ಜನರ ನೆಲೆ, ಅದರ ಮೇಲೆ ಬೃಹತ್ ಶಿಲಾಸಮಾಧಿಗಳ ಸಂಸ್ಕೃತಿ, ಅದರ ಮೇಲೆ ಸಾತವಾಹನರ ಕಾಲದ ಮಡಕೆಕುಡಿಕೆ. ದಕ್ಷಿಣ ಭಾರತದ ಪ್ರಾಚೀನ ಸಂಸ್ಕೃತಿಗಳ ಕಾಲಾನುಕ್ರಮಕ್ಕೆ ಈ ಉತ್ಖನನ ಅಡಿಪಾಯವಾಯಿತು. ಆದರೆ ಅರಮನೆ ಸಿಗಲಿಲ್ಲ. ದೊರೆಯ ಮನೆ ಉಳಿಯದ ಕಡೆ ದೊರೆಯ ಮಾತು ಉಳಿದಿತ್ತು.

ಆ ಮಾತಾದರೂ ಎಂಥದು? ತಂದೆತಾಯಿಯರನ್ನು, ಹಿರಿಯರನ್ನು ಸೇವಿಸಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಈ ಸಾಧನೆ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಾಧ್ಯವೆಂದು ಚಕ್ರವರ್ತಿಯೇ ಹೇಳುತ್ತಾನೆ. ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ಹೆಸರನ್ನು ಬರೆದಿದ್ದಾನೆ. 'ಲಿಪಿಕಾರ' ಎಂಬರ್ಥದ ಪದವನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ, ದೂರದ ವಾಯವ್ಯ ಭಾರತದ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಈ ಶಾಸನದಲ್ಲಿ ಅಶೋಕನ ಹೆಸರಿಲ್ಲ. ಅದು ಸಿಕ್ಕಿದ್ದು 1915ರಲ್ಲಿ, ಮಸ್ಕಿಯ ಬಂಡೆಯ ಮೇಲೆ. ಚಕ್ರವರ್ತಿ ಬಿರುದಿನ ಮರೆಯಲ್ಲಿ ನಿಂತಿರುವಲ್ಲಿ ಲಿಪಿಕಾರನ ಹೆಸರು ನಮ್ಮನ್ನು ನೇರವಾಗಿ ಎದುರುಗೊಳ್ಳುತ್ತದೆ.

ಕನ್ನಡದ ಮೇಷ್ಟರಾದ ನನಗೆ ಇವೆಲ್ಲಕ್ಕಿಂತ ಮಿಗಿಲಾದದ್ದು 'ಇಸಿಲ' ಎಂಬ ಮೂರಕ್ಷರ. ಶಾಸನದ ಭಾಷೆ ಪ್ರಾಕೃತ; ಆದರೆ ಈ ಊರ ಹೆಸರು ಕನ್ನಡದ್ದೆಂದು ಡಿ.ಎಲ್. ನರಸಿಂಹಾಚಾರ್ಯರು ಪ್ರತಿಪಾದಿಸಿದರು. ಬಾಣ ಬಿಡು ಎಂಬರ್ಥದ 'ಎಯ್' ಧಾತುವಿಗೆ ಅದರ ನಂಟನ್ನು ಅವರು ತೋರಿಸಿದರು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ಒಪ್ಪುವುದಾದರೆ, ಹಲ್ಮಿಡಿ ಶಾಸನಕ್ಕಿಂತ ಸುಮಾರು ಏಳು ಶತಮಾನ ಮೊದಲೇ ಕನ್ನಡದ ಒಂದು ಪದ ಕಲ್ಲಿನ ಮೇಲೆ ಮೂಡಿತ್ತು, ಅದೂ ಮೊಳಕಾಲ್ಮೂರು ತಾಲ್ಲೂಕಿನಲ್ಲಿ!

ಬ್ರಾಹ್ಮಿಯಲ್ಲಿ 'ಇ' ಎಂದರೆ ಮೂರು ಚುಕ್ಕಿ. ಹಾಳೆಯ ಮೇಲೆ ಬರೆದು ತೋರಿಸಿದೆ. ಪ್ರಶ್ನೆ ಕೇಳಿದ್ದ ಹುಡುಗಿ ಮೊದಲ ಸಾಲಿನುದ್ದಕ್ಕೂ ಬಹಳ ಹೊತ್ತು ಕಣ್ಣಾಡಿಸಿ, "ಇಲ್ಲಿದೆ ಸರ್" ಎಂದಳು. ಉಳಿದವರೆಲ್ಲ ಅವಳ ಸುತ್ತ ಬಾಗಿದರು.

ಮಧ್ಯಾಹ್ನ ಜಟಿಂಗ ರಾಮೇಶ್ವರ ಬೆಟ್ಟ ಹತ್ತಿದೆವು. ರಾವಣನೊಡನೆ ಹೋರಾಡಿದ ಜಟಾಯುವಿನ ಕಥೆಯನ್ನು ಜನ ಈ ಬೆಟ್ಟಕ್ಕೆ ಹೊಂದಿಸಿದ್ದಾರೆ. ಇಲ್ಲಿನ ಶಾಸನವಿರುವುದು 'ಬಳೆಗಾರ ಗುಂಡಿ'ನ ಮೇಲೆ. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಹಾಸುಬಂಡೆಯಾದ್ದರಿಂದ ಆ ಹೆಸರು. ತಲೆಮಾರುಗಳ ಕಾಲ ಜನ ಕುಳಿತು, ನಡೆದಾಡಿ ಅಕ್ಷರಗಳು ಬಹುಪಾಲು ಸವೆದುಹೋಗಿವೆ. ತಪ್ಪು ಬಳೆಗಾರರದಲ್ಲ, ಕಾಲಡಿಯಲ್ಲಿ ಏನಿದೆಯೆಂದು ಅವರಿಗೆ ಹೇಳಿದವರಿರಲಿಲ್ಲ. ಹೇಳಬೇಕಾದ ನಾವೇ ಮಕ್ಕಳನ್ನು ಮೈಸೂರಿಗೆ ಹೋಗೆನ್ನುತ್ತಿದ್ದೇವೆ.

ವರ್ಸೇಲ್ಸನ್ನು ನೋಡಬಾರದೆಂದು ನಾನು ಹೇಳುತ್ತಿಲ್ಲ. ಅನುಕೂಲವುಳ್ಳವರು ಅವಶ್ಯ ನೋಡಿ ಬರಲಿ. ಆದರೆ ಈ ಎರಡು ತಾಲ್ಲೂಕುಗಳ ಪ್ರತಿಯೊಂದು ಕಾಲೇಜೂ ತನ್ನ ವಿದ್ಯಾರ್ಥಿಗಳನ್ನು ಒಮ್ಮೆಯಾದರೂ ಅಕ್ಷರಗುಂಡಿನ ಮುಂದೆ ನಿಲ್ಲಿಸಬೇಕು. ಇಷ್ಟು ವರ್ಷ ಕನ್ನಡ ಸಾಹಿತ್ಯ ಚರಿತ್ರೆಯ ಪಾಠವನ್ನು ಹಲ್ಮಿಡಿಯಿಂದ ಆರಂಭಿಸುತ್ತಿದ್ದೆ. ಆ ಸೋಮವಾರ ಕರಿಹಲಗೆಯ ಮೇಲೆ ಮೊದಲು ಮೂರು ಚುಕ್ಕಿ ಇಟ್ಟೆ.